ಮನೆ ಉಳಿಸುವುದು ಯಾರಿಗಾಗಿ?

(ಹುಣಸೂರಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಬೆಲೆಯೇರಿಕೆ, ತೆರಿಗೆ, ಇವುಗಳ ವಿಚಾರ ಮಾತನಾಡಲು ನಾವು ಸೇರುವುದು ವಾಡಿಕೆ. ಇಂದು ಕಾರ್ಯಕರ್ತರು ನನಗೆ ಒಪ್ಪಿಸಿರುವ ವಿಷಯ ಬೇರೆ. ನಾವು ಹುಟ್ಟಿ ಬೆಳೆದ ಊರಿನಲ್ಲಿ, ಆಡಿ ಓಡಾಡಿದ ಕೇರಿಯಲ್ಲಿ, ಚರಿತ್ರೆಗೆ ಸೇರಿದ ಒಂದು ಮನೆ ಇದೆಯೆನ್ನಿ. ಅದನ್ನು ಜನರು ಬಂದು ನೋಡುವ ವಸ್ತುಸಂಗ್ರಹಾಲಯವಾಗಿ ನಡೆಸುವ ಕೆಲಸಕ್ಕೆ ನಾವು ನಮ್ಮ ಬಿಡುವಿನ ವೇಳೆಯನ್ನು ಕೊಡಬೇಕೆ? ಕೊಡುವುದಾದರೆ ಯಾವ ಕರಾರಿನ ಮೇಲೆ ಕೊಡಬೇಕು? ಇದು ಪ್ರಶ್ನೆ.

ಹೊಟ್ಟೆಪಾಡಿನ ಜನಕ್ಕೆ ಇದು ಏತಕ್ಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ನನ್ನ ಉತ್ತರ ಇಷ್ಟು: ಚರಿತ್ರೆಯನ್ನು ಯಾರು ಕಾಯುತ್ತಾರೋ ಅವರು ಅದನ್ನು ತಮಗೆ ಬೇಕಾದಂತೆ ಹೇಳುತ್ತಾರೆ. ಅರಮನೆಯವರು ಕಾದರೆ ಅರಮನೆಯ ಕಥೆ ಉಳಿಯುತ್ತದೆ. ಹಣವಂತ ಕಾದರೆ ಅವನ ವಂಶದ ಕಥೆ ಉಳಿಯುತ್ತದೆ. ದುಡಿಯುವವನು ಬಾಗಿಲ ಹೊರಗೆ ನಿಂತರೆ ಅವನ ಕಥೆಯೂ ಹೊರಗೇ ನಿಲ್ಲುತ್ತದೆ.

ಸುತ್ತಮುತ್ತ ಆಗಿರುವುದು

ಮೊದಲು ನಮ್ಮ ಸುತ್ತಮುತ್ತ ಏನಾಗಿದೆ ನೋಡೋಣ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆ ಇದೆ. ಅವರು 2001ರಲ್ಲಿ ತೀರಿಕೊಂಡರು. 2011ರಲ್ಲಿ ಆ ಮನೆ ಮಾರಾಟವಾಗಿ, ಕೆಡವುವ ಕೆಲಸವೂ ಶುರುವಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಊರಿನವರು ದನಿ ಎತ್ತಿದರು, ಕೆಡವುವುದು ನಿಂತಿತು. ಕಡೆಗೆ ಸಾರ್ವಜನಿಕ ಹಣದಿಂದ ಅದನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ಜನರಿಗೆ ತೆರೆದರು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸಾರ್ವಜನಿಕ ಹಣ ಏಕೆ ಎಂದು ಕೆಲವು ಕನ್ನಡ ಸಾಹಿತಿಗಳು ಕೇಳಿದ್ದರು. ಕೇಳಿದ್ದು ಒಳ್ಳೆಯದೇ ಆಯಿತು. ಸಾರ್ವಜನಿಕ ಹಣ ಎಲ್ಲಿ ಹೋದರೂ ಪ್ರಶ್ನೆ ಕೇಳುವ ಹಕ್ಕು ಸಾರ್ವಜನಿಕರಿಗೆ ಇದೆ. ಆದರೆ ಈ ಪ್ರಕರಣದಿಂದ ನಾವು ಕಲಿಯಬೇಕಾದ ಪಾಠ ಬೇರೆ. ಊರಿನವರು ಎಚ್ಚರವಾಗಿದ್ದರೆ ಹಾರೆ ಬಿದ್ದ ಗೋಡೆಯೂ ಉಳಿಯುತ್ತದೆ. ಎಚ್ಚರ ತಪ್ಪಿದರೆ ಒಂದು ವಾರದಲ್ಲಿ ನಿವೇಶನ ಮಾತ್ರ ಉಳಿಯುತ್ತದೆ.

ಹುಣಸೂರಿನಿಂದ ಪಿರಿಯಾಪಟ್ಟಣ ದಾಟಿ ಇದೇ ರಸ್ತೆಯಲ್ಲಿ ಮಡಿಕೇರಿಗೆ ಹೋಗಿ. ಜನರಲ್ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ 'ಸನ್ನಿ ಸೈಡ್' ಅಲ್ಲಿದೆ. ಬಹಳ ವರ್ಷ ಅದು ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಲೈಸೆನ್ಸು ಮಾಡಿಸಲು ಹೋದವರಿಗೆ ಅದು ಯಾರ ಮನೆಯೆಂಬುದರ ಗೊಡವೆ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಬಂದು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಮಲೆನಾಡಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬೆಳೆದ ಮನೆಯನ್ನು ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ಅಲ್ಲಿ ಒಲೆ, ಒರಳು, ಬೀಸುವ ಕಲ್ಲು, ಬೇಸಾಯದ ಸಲಕರಣೆ ಎಲ್ಲವನ್ನೂ ಇಟ್ಟಿದ್ದಾರೆ. ಕವಿಯ ಮನೆಗೆ ಹೋದ ರೈತ ತನ್ನ ಮನೆಯ ಸಾಮಾನನ್ನೇ ಅಲ್ಲಿ ಕಾಣುತ್ತಾನೆ. ಒಂದು ಸಂಗ್ರಹಾಲಯ ಜನರದು ಎನ್ನಿಸಿಕೊಳ್ಳುವುದು ಹೀಗೆ.

ಇನ್ನೊಂದು ಉದಾಹರಣೆ ಮಾನಸಗಂಗೋತ್ರಿಯದು. 1905ರಲ್ಲಿ ಒಬ್ಬ ರಾಜಕುಮಾರಿಗಾಗಿ ಕಟ್ಟಿಸಿದ ಜಯಲಕ್ಷ್ಮಿ ವಿಲಾಸದಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿ ಹಳ್ಳಿ ಅಲೆದು, ಹಗೇವು, ಮೊರ, ನೇಗಿಲು, ಗೊಂಬೆ, ವೇಷಭೂಷಣಗಳನ್ನು ಹೊತ್ತು ತಂದರು. ರಾಜಕುಮಾರಿಯ ಕೋಣೆಗೆ ರೈತನ ನೇಗಿಲು ಬಂತು. ಇದಕ್ಕಿಂತ ಚೆನ್ನಾದ ಸಮಾಜವಾದಿ ಚಿತ್ರ ಬೇಕೆ?

ಯಾರ ಮನೆ ಮನೆಯಲ್ಲ?

ಹೀಗೆ ಉಳಿದ ಮನೆಗಳ ಪಟ್ಟಿ ಮಾಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕವಿ, ಸೇನಾಪತಿ, ದಿವಾನ, ದೊರೆ, ಇವರ ಮನೆಗಳು ಉಳಿದಿವೆ. ಚಮ್ಮಾರನ ಮನೆ ಎಲ್ಲಿದೆ? ಗಾಡಿ ಮಾಡುವ ಬಡಗಿಯ ಮನೆ ಎಲ್ಲಿದೆ? ನಮ್ಮ ಹುಣಸೂರು 19ನೆಯ ಶತಮಾನದಲ್ಲಿ ಹೆಸರಾದದ್ದು ಏತಕ್ಕೆ? ಅಮೃತಮಹಲ್ ದನಗಳಿಗೆ, ಚರ್ಮ ಹದಮಾಡುವ ಕಾರ್ಖಾನೆಗೆ, ಕಂಬಳಿಗೆ, ಎತ್ತಿನ ಗಾಡಿಗೆ. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನನ್ನು, ಗಾಡಿಯನ್ನು ಇಲ್ಲಿಯ ಕೈಗಳು ಮಾಡಿಕೊಟ್ಟವು. ಸರ್ಕಾರ ಕಾರ್ಖಾನೆ ಮುಚ್ಚಿದರೂ ಕಸುಬು ಉಳಿಯಿತು, ಏಕೆಂದರೆ ಅದು ಕೈಯಲ್ಲಿತ್ತು. ಆ ಕೈಗಳವರ ಒಂದು ಮನೆಯನ್ನಾದರೂ ನಾವು ಗುರುತು ಹಾಕಿ ಇಟ್ಟಿದ್ದೇವೆಯೆ?

ಕೃಷ್ಣರಾಜನಗರದ ಮಾತು ತೆಗೆದುಕೊಳ್ಳಿ. ಕಾವೇರಿಯ ಪ್ರವಾಹದಿಂದ ಹಳೆಯ ಎಡತೊರೆ ನೊಂದ ತರುವಾಯ, ಎತ್ತರದಲ್ಲಿ ಹೊಸ ಊರು ಕಟ್ಟಿ ದೊರೆಯ ಹೆಸರಿಟ್ಟರು. ಹೊಳೆ ಬಂದಾಗ ಮನೆ ಬಿಟ್ಟವರು ಯಾರು, ಹೊಸ ಊರಿನಲ್ಲಿ ಅಗಲ ರಸ್ತೆಯ ನಿವೇಶನ ಯಾರಿಗೆ ಸಿಕ್ಕಿತು, ಯಾರು ಅಂಚಿಗೆ ಹೋದರು, ಇದು ಹಿರಿಯರ ಬಾಯಲ್ಲಿ ಮಾತ್ರ ಉಳಿಯುವ ಸಂಗತಿ. ಹೆಗ್ಗಡದೇವನಕೋಟೆಯಲ್ಲಿ 1974ಕ್ಕೆ ಮುಗಿದ ಕಬಿನಿ ಅಣೆಕಟ್ಟಿನ ನೀರಿನಡಿ ಹಳ್ಳಿಗಳೇ ಹೋದವು. ಕಾಕನಕೋಟೆಯ ಖೆಡ್ಡದ ಚಿತ್ರಗಳು ಎಲ್ಲ ಪುಸ್ತಕದಲ್ಲೂ ಇವೆ. ಆ ಖೆಡ್ಡದಲ್ಲಿ ಜೀವ ಕೈಯಲ್ಲಿ ಹಿಡಿದು ಆನೆ ಅಟ್ಟಿದ ಕುರುಬರ ಹೆಸರುಗಳು ಎಲ್ಲಿವೆ? ಕಾಡಿನಿಂದ ಹೊರಗೆ ಕಳಿಸಿದ ಹಾಡಿಯ ಜನಕ್ಕೆ ಮನೆಯೇ ಇಲ್ಲವೆಂದ ಮೇಲೆ ಮನೆಯ ಸಂಗ್ರಹಾಲಯ ಎಲ್ಲಿಯದು? ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರು ಬಂದು ಕಾಡು ಕಡಿದು ಮನೆ ಕಟ್ಟಿಕೊಂಡರು. ಅವರ ಜೊತೆ ಕೂಲಿಗೆ ಹೋದ ನಮ್ಮವರ ನೆನಪೂ ಆ ಚರಿತ್ರೆಯ ಪಾಲೇ.

ಹೊರದೇಶದಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಆರ್ಚರ್ಡ್ ಬೀದಿಯ 97ನೆಯ ನಂಬರಿನ ಕಟ್ಟಡ ಒಂದು ವಠಾರ. 1863ರಲ್ಲಿ ಕಟ್ಟಿದ್ದು. 1935ರ ತನಕ ಅಲ್ಲಿ ಏಳು ಸಾವಿರದಷ್ಟು ಬಡವರು, ವಲಸೆ ಬಂದವರು ಬಾಡಿಗೆಗೆ ಇದ್ದು ಹೋದರು. 1988ರಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಲು ಹೊರಟರು. ಅಲ್ಲಿ ಸಿಂಹಾಸನ ಇಲ್ಲ, ಪಲ್ಲಕ್ಕಿ ಇಲ್ಲ. ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುವ ಯಂತ್ರ, ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲೇ ಅಡುಗೆಯ ಒಲೆ. ಮನೆಯೇ ಕಾರ್ಖಾನೆಯಾಗಿದ್ದ ಕಾಲದ ದರ್ಜಿ ಸಂಸಾರ ಹೇಗೆ ಬದುಕಿತು ಎಂಬುದನ್ನು ಜನ ದುಡ್ಡು ಕೊಟ್ಟು ನೋಡುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಕೂಲಿಗಾರರ ಮನೆಗಳನ್ನು ಉಳಿಸಿ 2004ರಲ್ಲಿ ತೆರೆದಿದ್ದಾರೆ. ನಮ್ಮ ಗಿರಣಿ ಲೈನು ಮನೆಗಳೂ ವಠಾರಗಳೂ ಅದಕ್ಕಿಂತ ಕಡಿಮೆಯವಲ್ಲ.

ಕಲ್ಲಹಳ್ಳಿಯ ಪ್ರಶ್ನೆ

ಈಗ ನಮ್ಮ ತಾಲ್ಲೂಕಿಗೆ ಬರೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಹುಟ್ಟಿದವರು ದೇವರಾಜ ಅರಸರು. ಅವರ ನೆನಪನ್ನು ಆ ಹಳ್ಳಿಯಲ್ಲಿ, ಆ ಮನೆಯಲ್ಲಿ ಉಳಿಸಬೇಕೆಂಬ ಮಾತು ಇಲ್ಲಿ ಹೊಸದಲ್ಲ. ಆ ಮಾತು ಬಂದಾಗಲೆಲ್ಲ ನಮ್ಮ ಸಂಗಾತಿಗಳಲ್ಲಿ ಒಂದು ಗುಸುಗುಸು ಏಳುತ್ತದೆ. "ಕಾಂಗ್ರೆಸ್ಸಿನ ಮುಖ್ಯಮಂತ್ರಿಯ ಮನೆಗೆ ಸಮಾಜವಾದಿ ಏಕೆ ಪೊರಕೆ ಹಿಡಿಯಬೇಕು?" ಎಂದು. ಇದನ್ನು ಬಚ್ಚಿಡುವುದು ಬೇಡ. ಬಯಲಿಗೆ ತಂದು ಮಾತನಾಡೋಣ.

ಜಮೆಯ ಕಡೆ ಏನಿದೆ? ರಾಜಮನೆತನದ ನಂಟಿರುವ ಸಣ್ಣ ಸಮುದಾಯದಲ್ಲಿ ಹುಟ್ಟಿದವರು, 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದ್ದಾಯಿತು. ಉಳುವವನು ಅರ್ಜಿ ಹಾಕಿಕೊಂಡು ತಾಲ್ಲೂಕು ನ್ಯಾಯಮಂಡಳಿಯ ಮುಂದೆ ನಿಂತು ಹಕ್ಕು ಕೇಳಿದ. ಧಣಿಯ ಎದುರು ಕೂರಲು ಹೆದರುತ್ತಿದ್ದವನು ಧಣಿಯ ಎದುರೇ ಸಾಕ್ಷಿ ಹೇಳಿದ. 1972ರಲ್ಲಿ ಹಾವನೂರ್ ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಮಕ್ಕಳಿಗೆ ಹುದ್ದೆಯ, ಕಾಲೇಜಿನ ಬಾಗಿಲು ತೆರೆಯಿತು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಗೆ ನಿಷೇಧ ಬಂತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಅದೇ ಕಾಲದಲ್ಲಿ.

ಖರ್ಚಿನ ಕಡೆ ಏನಿದೆ? 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ರಾಜ್ಯದ ಜೈಲುಗಳು ನಮ್ಮವರಿಂದ ತುಂಬಿದ್ದವು. ಲಾರೆನ್ಸ್ ಫರ್ನಾಂಡಿಸರನ್ನು 1976ರಲ್ಲಿ ಬೆಂಗಳೂರಿನ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ಸ್ನೇಹಲತಾ ರೆಡ್ಡಿಯವರು ಆಸ್ತಮಾ ಕಾಯಿಲೆಯಿದ್ದೂ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಗ ವಿಧಾನಸೌಧದಲ್ಲಿ ಕುಳಿತಿದ್ದವರು ಅರಸರೇ. 1977ರಲ್ಲಿ ಅವರ ಸರ್ಕಾರದ ಮೇಲಿನ ಆಪಾದನೆಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಕವಾದದ್ದೂ ಚರಿತ್ರೆಯೇ.

ಇನ್ನೊಂದು ಬಾಕಿಯೂ ಇದೆ. ಉಳುವವನಿಗೆ ಹೊಲ ಎಂಬುದು 1974ರಲ್ಲಿ ವಿಧಾನಸೌಧದಿಂದ ಉದುರಿದ ವರವಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದಾಳಾದರು, ಲೋಹಿಯಾ ಅವರು ದೂರದಿಂದ ಬಂದು ಅಲ್ಲೇ ದಸ್ತಗಿರಿಯಾದರು. ಗೋಪಾಲಗೌಡರು 1972ರ ಜೂನಿನಲ್ಲಿ ಕಣ್ಣು ಮುಚ್ಚಿದರು. ಅವರು ಕೂಗಿದ ಕಾನೂನು ಜಾರಿಯಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಹಾಗಾದರೆ ಅರಸರ ಮನೆಯಲ್ಲಿ ನಾವು ಸೇವೆ ಮಾಡಬೇಕೆ ಬೇಡವೆ? ಮಾಡಬೇಕು ಎಂಬುದೇ ನನ್ನ ಅಭಿಪ್ರಾಯ. ಈ ಕಾರಣಗಳಿಂದಲೇ ಮಾಡಬೇಕು. ನಾವು ದೂರ ನಿಂತರೆ ಅಲ್ಲಿ ಏನಾಗುತ್ತದೆ? ಒಂದು ಪ್ರತಿಮೆ, ಅದಕ್ಕೊಂದು ಹಾರ, ವರ್ಷಕ್ಕೊಮ್ಮೆ ಮಂತ್ರಿಗಳ ಭಾಷಣ. ಜೈಲಿನ ಕಥೆ ಇರುವುದಿಲ್ಲ, ಕಾಗೋಡಿನ ಕಥೆಯೂ ಇರುವುದಿಲ್ಲ. ಅರ್ಜಿ ಹಾಕಿ ಗೆದ್ದ ಗೇಣಿದಾರನ ಕಥೆಯೂ ಇರುವುದಿಲ್ಲ; ಸಾಕ್ಷಿ ಇಲ್ಲದೆ, ಧಣಿಯ ಕಣ್ಣಿಗೆ ಹೆದರಿ ಅರ್ಜಿಯನ್ನೇ ಹಾಕದೆ ಜಮೀನು ಬಿಟ್ಟವನ ಕಥೆಯಂತೂ ಬರುವುದೇ ಇಲ್ಲ. ನಾವು ಒಳಗಿದ್ದರೆ ಜಮೆ, ಖರ್ಚು ಎರಡನ್ನೂ ಒಂದೇ ಗೋಡೆಯ ಮೇಲೆ ಬರೆಸುತ್ತೇವೆ. ವ್ಯಾಪಾರ ಬಲ್ಲ ನಿಮಗೆ ಗೊತ್ತು, ಒಂದೇ ಕಡೆ ಬರೆದ ಕಿರ್ದಿಯನ್ನು ಯಾರೂ ನಂಬುವುದಿಲ್ಲ. ಅರಸರ ದೊಡ್ಡತನಕ್ಕೂ ಇದರಿಂದ ಕುಂದಿಲ್ಲ. ಪೂರ್ತಿ ಲೆಕ್ಕ ಕೊಟ್ಟ ಮೇಲೂ ಉಳಿಯುವ ದೊಡ್ಡತನವೇ ನಿಜವಾದದ್ದು.

ಇದು ಹಳೆಯ ಮಾತು ಮಾತ್ರವೂ ಅಲ್ಲ. 2020ರಲ್ಲಿ ಅದೇ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಬೇಸಾಯಗಾರನಲ್ಲದವನು ಬೇಸಾಯದ ಜಮೀನು ಕೊಳ್ಳಲು ಇದ್ದ ತಡೆಗಳನ್ನು ಕಿತ್ತುಹಾಕಿದರು. ಆ ತಡೆ ಏಕೆ ಇಟ್ಟಿದ್ದರು, ಅದನ್ನು ಪಡೆಯಲು ಯಾರು ಜೈಲಿಗೆ ಹೋದರು ಎಂಬುದು ಮಕ್ಕಳಿಗೆ ಗೊತ್ತಿಲ್ಲದಿದ್ದರೆ, ಕಳೆದುಕೊಂಡದ್ದು ಏನೆಂಬುದೂ ಗೊತ್ತಾಗುವುದಿಲ್ಲ. ಚರಿತ್ರೆಯ ಮನೆಗೆ ಬೀಗ ಬಿದ್ದರೆ ಹೊಲದ ಬದುವಿನ ಮೇಲೆ ಅದರ ಪರಿಣಾಮ ಕಾಣುತ್ತದೆ.

ಸೇವೆಯೂ ಬಿಟ್ಟಿಯೂ

ಈಗ ಕರಾರಿನ ಮಾತು. ಕಾರ್ಮಿಕ ಸಂಘದಲ್ಲಿ ಇರುವವರು ಇದನ್ನು ಗಮನವಿಟ್ಟು ಕೇಳಬೇಕು. ಸ್ವಯಂಸೇವೆ ಎಂಬ ಒಳ್ಳೆಯ ಮಾತಿನ ಹಿಂದೆ ಬಿಟ್ಟಿ ಚಾಕರಿ ಅಡಗಿಕೊಳ್ಳುವುದುಂಟು. ಕಾವಲುಗಾರನಿಗೆ ಸಂಬಳ ಕೊಡುವ ಬದಲು "ಊರಿನ ಹುಡುಗರು ಇದ್ದಾರಲ್ಲ" ಎನ್ನುವ ಅಧಿಕಾರಿಗಳು ಸಿಗುತ್ತಾರೆ. ಕಸ ಗುಡಿಸುವವಳನ್ನು ಬಿಡಿಸಿ "ಶ್ರಮದಾನ" ಏರ್ಪಡಿಸುವವರು ಸಿಗುತ್ತಾರೆ. ಇದಕ್ಕೆ ನಾವು ಒಪ್ಪಬಾರದು. ಕುಪ್ಪಳಿಯ ಕವಿಮನೆಯಿಂದ 2015ರಲ್ಲಿ ಪದ್ಮ ಪ್ರಶಸ್ತಿಯ ಪದಕಗಳು ಕಳವಾದವು. ಕಾವಲು ಎಂಬುದು ಬಿಡುವಿನ ವೇಳೆಯ ಕೆಲಸವಲ್ಲ, ಅದೊಂದು ಪೂರ್ಣ ಉದ್ಯೋಗ ಎಂಬುದನ್ನು ಆ ಸುದ್ದಿ ಎಲ್ಲರಿಗೂ ತಿಳಿಸಿತು.

ಆದುದರಿಂದ ಗೆರೆ ಎಳೆಯೋಣ. ಕಾವಲು, ಗುಡಿಸುವುದು, ವಿದ್ಯುತ್ ಕೆಲಸ, ಛಾವಣಿ ದುರಸ್ತಿ, ಲೆಕ್ಕ ಬರೆಯುವುದು, ಇವು ಸಂಬಳದ ಕೆಲಸ. ಸಂಬಳ ಎಂದರೆ ಭವಿಷ್ಯನಿಧಿ, ವಾರದ ರಜೆ ಎಲ್ಲ ಸೇರಿದ ಸಂಬಳ. ಸ್ವಯಂಸೇವಕ ಮಾಡಬೇಕಾದದ್ದು ಹಣ ಕೊಟ್ಟು ಕೊಳ್ಳಲಾಗದ ಕೆಲಸ. ಅದು ಯಾವುದು? ಕೇರಿಯ ನೆನಪು. ಸರ್ಕಾರ ಬೆಂಗಳೂರಿನಿಂದ ಒಬ್ಬ ಪರಿಣತನನ್ನು ಕಳಿಸಬಹುದು. ತೊಲೆಯ ಮರ ಯಾವುದು, ಗಾರೆ ಎಷ್ಟು ಹಳೆಯದು ಎಂದು ಆತ ಹೇಳಬಲ್ಲ. ಆದರೆ ಹಿತ್ತಲ ಬಾವಿಯಿಂದ ಯಾವ ಜಾತಿಯವರು ನೀರು ಸೇದಬಹುದಿತ್ತು, ಯಾರು ದೂರ ನಿಂತು ಕೊಡ ಒಡ್ಡುತ್ತಿದ್ದರು, ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ಕುಕ್ಕುರುಗಾಲಲ್ಲಿ ಕೂರಬೇಕಿತ್ತು, ಇದನ್ನು ಆ ಕೇರಿಯಲ್ಲಿ ಬೆಳೆದವನು ಮಾತ್ರ ಹೇಳಬಲ್ಲ. ಬಾಲ್ಯದಲ್ಲಿ ಕಂಡದ್ದು ದಾಖಲೆ ಪತ್ರದಲ್ಲಿ ಸಿಗುವುದಿಲ್ಲ.

ಬ್ರಿಟನ್ನಿನಲ್ಲಿ 1895ರಲ್ಲಿ ಆರಂಭವಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಹಳೆಯ ಮನೆಗಳಲ್ಲಿ ಹತ್ತಾರು ಸಾವಿರ ಸ್ವಯಂಸೇವಕರು ದುಡಿಯುತ್ತಾರೆ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ನಿಂತು ಬಂದವರಿಗೆ ಕಥೆ ಹೇಳುತ್ತಾರೆ. ಅವರ ಪಕ್ಕದಲ್ಲೇ ಸಂಬಳದ ನೌಕರರೂ ಇದ್ದಾರೆ. ನಮಗೂ ಇದು ಅಪರಿಚಿತವಲ್ಲ. 1941ರಲ್ಲಿ ಹುಟ್ಟಿದ ರಾಷ್ಟ್ರ ಸೇವಾ ದಳದ ಹುಡುಗರು ಸಮಾಜವಾದಿಗಳ ಕೈಯಲ್ಲಿ ತರಬೇತಾದವರು. ಸಮಾಜವಾದಿಯ ಕೈಯಲ್ಲಿ ಗುದ್ದಲಿ, ಮತ, ಜೈಲು ಮೂರೂ ಇರಬೇಕೆಂದು ಲೋಹಿಯಾ ಹೇಳುತ್ತಿದ್ದರು. ಮತದ ಮಾತು ನಾವು ಬಿಟ್ಟಿಲ್ಲ, ಜೈಲಿನ ಮಾತೂ ನೆನಪಿದೆ. ಗುದ್ದಲಿ ಮಾತ್ರ ಅಟ್ಟ ಸೇರಿದೆ.

ಮಾಡುವುದು ಹೇಗೆ?

ಮೊದಲನೆಯದು, ಕೇಳಿ ಬರೆದುಕೊಳ್ಳುವುದು. 1974ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ನ್ಯಾಯಮಂಡಳಿಯ ಮುಂದೆ ನಿಂತವರಿಗೆ ಈಗ ಎಪ್ಪತ್ತೈದು ದಾಟಿದೆ. ಇನ್ನು ಹತ್ತು ವರ್ಷ ಬಿಟ್ಟು ಹೋದರೆ ಕೇಳಲು ಯಾರೂ ಸಿಗುವುದಿಲ್ಲ. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಫೋನು ಇದೆ. ಅಜ್ಜನ ಮುಂದೆ ಇಟ್ಟು ಅವರ ದನಿಯನ್ನು ಹಿಡಿಯಿರಿ. ಅಜ್ಜಿಯನ್ನು ಮರೆಯಬೇಡಿ. ಹೊಲದ ಹಕ್ಕುಪತ್ರದಲ್ಲಿ ಅವಳ ಹೆಸರು ಇರಲಿಲ್ಲ, ಹೊಲದ ಕಳೆ ತೆಗೆದವಳು ಅವಳೇ. ಕೇಳಿದವರ ಒಪ್ಪಿಗೆ ಪಡೆದು, ತಾರೀಖು ಹಾಕಿ, ಅವರು ಹೇಳಿದಂತೆಯೇ ಬರೆಯಿರಿ. ನಮ್ಮ ಪಕ್ಷಕ್ಕೆ ಹಿತವಾಗದ ಮಾತು ಬಂದರೂ ಅಳಿಸಬೇಡಿ.

ಎರಡನೆಯದು, ಸಾಮಾನು. ವರ್ತಕ ಮಿತ್ರರೇ, ನಿಮ್ಮ ಅಂಗಡಿಯ ಅಟ್ಟದ ಮೇಲೆ ಹಳೆಯ ಕಿರ್ದಿ, ಖಾತೆ ಪುಸ್ತಕಗಳಿವೆ. ಪಾವು, ಸೇರು, ಬಳ್ಳ, ಹಳೆಯ ತಕ್ಕಡಿ ಇವೆ. 1957ರಲ್ಲಿ ಹೊಸ ಪೈಸೆ ಬಂದಾಗ ಆಣೆಯ ಲೆಕ್ಕ ಹೇಗೆ ಬದಲಾಯಿತು, ಆ ತರುವಾಯ ಸೇರು ಹೋಗಿ ಕಿಲೋ ಬಂದಾಗ ಗಿರಾಕಿ ಏನೆಂದ, ಇದೆಲ್ಲ ಶಾಲೆಯ ಮಕ್ಕಳಿಗೆ ಕೈಯಲ್ಲಿ ಹಿಡಿದು ತೋರಿಸಬೇಕಾದ ಪಾಠ. ಯಾರು ಯಾರಿಗೆ ಎಷ್ಟು ಬಡ್ಡಿಗೆ ಸಾಲ ಕೊಟ್ಟರೆಂಬುದೂ ಆ ಖಾತೆಯಲ್ಲಿದೆ. ಹೆಸರು ಮುಚ್ಚಿ ಬಡ್ಡಿಯ ದರ ತೋರಿಸಿ. ಗಿರಣಿಯ ಸಂಗಾತಿಗಳೇ, ಹಾಜರಿ ಚೀಟಿ, ಸಂಘದ ರಸೀತಿ, ಮುಷ್ಕರದ ಕರಪತ್ರ ಇವನ್ನು ಗುಜರಿಗೆ ಹಾಕಬೇಡಿ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾದವರ ಥರ್ಮಾಮೀಟರು ಕೂಡ ನಮ್ಮ ಕಾಲದ ಚರಿತ್ರೆಯೇ.

ಮೂರನೆಯದು, ಕಾಪಾಡುವ ಅರಿವು. ಕಾಗದಕ್ಕೆ ಗೆದ್ದಲು, ತೇವ, ಬಿಸಿಲು ಮೂರೂ ಶತ್ರು. ಬಿಸಿಲು ನೇರ ಬೀಳದ, ಗಾಳಿಯಾಡುವ ಕಡೆ, ಗೋಡೆಗೆ ಒರಗಿಸದೆ ಇಡಬೇಕು. ಹರಿದ ಪತ್ರಕ್ಕೆ ಅಂಟು ಟೇಪು ಹಚ್ಚಬಾರದು. ಹಳೆಯ ಕಂಚನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಬಾರದು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹಾಳಾಗುತ್ತದೆ. ಭಕ್ತಿಯಿಂದ ಬಣ್ಣ ಬಳಿದು ಹಾಳು ಮಾಡಿದ ಮನೆಗಳು ಬೇಕಾದಷ್ಟಿವೆ. ತಿಳಿಯದಿದ್ದರೆ ಪುರಾತತ್ತ್ವ ಇಲಾಖೆಯವರನ್ನು ಕೇಳಿ ಮುಟ್ಟುವುದು ಲೇಸು.

ನಾಲ್ಕನೆಯದು, ಯಾರ ಕಥೆಯನ್ನು ಯಾರು ಹೇಳಬೇಕು ಎಂಬುದು. ಹಾಡಿಯ ಮನೆಯನ್ನು ನಾವು ಪೇಟೆಯವರು ಕಟ್ಟಿ, ಅದರ ಮುಂದೆ ಜೇನುಕುರುಬರನ್ನು ಬೊಂಬೆಯಂತೆ ನಿಲ್ಲಿಸುವ ಕೆಲಸ ಬೇಡವೇ ಬೇಡ. ಭೋಪಾಲದ ಮಾನವ ಸಂಗ್ರಹಾಲಯದಲ್ಲಿ ಬುಡಕಟ್ಟಿನ ಜನರೇ ಬಂದು ತಮ್ಮ ಮನೆಗಳನ್ನು ಕಟ್ಟಿಕೊಟ್ಟಿದ್ದಾರೆ. ಕೋಟೆ ತಾಲ್ಲೂಕಿನಲ್ಲೂ ಅವರೇ ಮುಂದೆ ನಿಲ್ಲಬೇಕು, ನಾವು ಬೆನ್ನಿಗಿರಬೇಕು. ಅದಕ್ಕೂ ಮೊದಲು ಅವರಿಗೆ ಬದುಕುವ ಮನೆಯ ಹಕ್ಕುಪತ್ರ ಸಿಗಬೇಕು. ನೋಡುವ ಮನೆ ಆಮೇಲೆ.

ಸಂಗಾತಿಗಳೇ, ನಾನು ನಿಮ್ಮಿಂದ ಹಣ ಕೇಳಲು ಬಂದಿಲ್ಲ. ವಾರಕ್ಕೆ ಎರಡು ಗಂಟೆ ಕೇಳುತ್ತಿದ್ದೇನೆ. ಪಾಳಿ ಮುಗಿಸಿದವರು, ಅಂಗಡಿಗೆ ವಾರದ ರಜೆ ಇರುವವರು ಹೆಸರು ಬರೆಸಿ. ನಾಲ್ಕು ತಾಲ್ಲೂಕಿನಲ್ಲೂ ಕೇರಿಗೊಬ್ಬರಂತೆ ನಿಂತು, ಬರುವ ಮೂರು ತಿಂಗಳಲ್ಲಿ ಒಂದು ಪಟ್ಟಿ ಮಾಡೋಣ. ಉಳಿಸಬೇಕಾದ ಮನೆ ಯಾವುದು, ಅದರ ಕಥೆ ಬಲ್ಲ ಹಿರಿಯರು ಯಾರು, ಅದರ ಮೇಲೆ ಕಣ್ಣಿಟ್ಟಿರುವ ಬಿಲ್ಡರು ಯಾರು, ಎಲ್ಲವೂ ಆ ಪಟ್ಟಿಯಲ್ಲಿ ಇರಲಿ. ಅದನ್ನು ಪುರಸಭೆಗೆ, ತಾಲ್ಲೂಕು ಕಚೇರಿಗೆ ಕೊಡೋಣ. ಕೊಟ್ಟು ಸುಮ್ಮನಿರುವುದು ಬೇಡ, ರಸೀತಿ ತೆಗೆದುಕೊಳ್ಳೋಣ. ಕಾವಲುಗಾರನಿಗೆ ಸಂಬಳ, ಗೋಡೆಗೆ ಸತ್ಯ, ಬಾಗಿಲಿಗೆ ಜನ, ಇವು ನಮ್ಮ ಮೂರು ಬೇಡಿಕೆಗಳು. ಈ ಮೂರನ್ನೂ ನಿರ್ಣಯವಾಗಿ ಈ ಸಭೆ ಅಂಗೀಕರಿಸಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.